ಕಾಡ್ಗಿಚ್ಚು ಮತ್ತು ಊರಿನ ಜಲಾಶಯ

ಕಾಡ್ಗಿಚ್ಚನ್ನು ಎದುರಿಸಲು ಊರಿಗೊಂದು ಜಲಾಶಯವಿದ್ದರೆ ಸಾಕು ಎಂದು ತೋರುವುದು ಸಹಜ. ಆದರೆ ಕುಡಿಯುವ ನೀರಿನ ಜಲಾಶಯಕ್ಕೂ ಬೆಂಕಿ ಆರಿಸುವ ಜಲಾಶಯಕ್ಕೂ ಇರಬೇಕಾದ ಗುಣಗಳು ಬೇರೆ ಬೇರೆ. ಎರಡನ್ನೂ ಒಂದರಿಂದಲೇ ಸಾಧಿಸಹೊರಟರೆ ಏನಾಗಬಹುದೆಂಬುದನ್ನು 2025ರ ಜನವರಿಯಲ್ಲಿ ಲಾಸ್ ಏಂಜಲೀಸ್ ನಗರದ ಪೆಸಿಫಿಕ್ ಪ್ಯಾಲಿಸೇಡ್ಸ್ ಪ್ರದೇಶ ತೋರಿಸಿಕೊಟ್ಟಿತು.

ಅಲ್ಲಿನ ಸಾಂತಾ ಯನೆಜ್ ಜಲಾಶಯದ ಸಾಮರ್ಥ್ಯ 11.7 ಕೋಟಿ ಗ್ಯಾಲನ್, ಅಂದರೆ ಸುಮಾರು 44 ಕೋಟಿ ಲೀಟರ್. ಕುಡಿಯುವ ನೀರು ಮಲಿನವಾಗದಂತೆ ಅದರ ಮೇಲೆ ತೇಲುವ ಹೊದಿಕೆಯನ್ನು ಹಾಸಲಾಗಿತ್ತು. ಆ ಹೊದಿಕೆ ಹರಿದುದರಿಂದ 2024ರಲ್ಲಿ ಜಲಾಶಯವನ್ನು ಬರಿದುಮಾಡಿದರು. ಜನವರಿ 7ರಂದು ಬೆಂಕಿ ಹೊತ್ತಿದಾಗಲೂ ಅದು ಖಾಲಿಯಾಗಿಯೇ ಇತ್ತು. ಎತ್ತರದಲ್ಲಿದ್ದ ತಲಾ 10 ಲಕ್ಷ ಗ್ಯಾಲನ್‌ಗಳ ಮೂರು ತೊಟ್ಟಿಗಳು ಮರುದಿನ ಬೆಳಗಿನ ಜಾವದೊಳಗೆ ಬರಿದಾದವು; ಮೇಲ್ಭಾಗದ ಹೈಡ್ರಂಟ್‌ಗಳಲ್ಲಿ ನೀರು ನಿಂತಿತು.

ಇದನ್ನು ಒಂದು ಲೆಕ್ಕದಿಂದ ಅರಿಯಬಹುದು. ಒಂದು ಹೈಡ್ರಂಟ್ ನಿಮಿಷಕ್ಕೆ 1,000 ಗ್ಯಾಲನ್ ನೀರು ಕೊಡುತ್ತದೆಂದು ಭಾವಿಸೋಣ. ಅಂತಹ ಹತ್ತನ್ನು ಒಮ್ಮೆಗೇ ತೆರೆದರೆ 10 ಲಕ್ಷ ಗ್ಯಾಲನ್ ನೀರು 100 ನಿಮಿಷಗಳಲ್ಲಿ ಮುಗಿಯುತ್ತದೆ. ಜೊತೆಗೆ ಸುಟ್ಟುಬಿದ್ದ ಪ್ರತಿಯೊಂದು ಮನೆಯ ಒಡೆದ ಕೊಳವೆಯಿಂದಲೂ ನೀರು ಸೋರಿ ಒತ್ತಡ ಕುಸಿಯುತ್ತದೆ. ದೊಡ್ಡ ಜಲಾಶಯ ತುಂಬಿದ್ದರೂ ಕೊಳವೆಗಳು ಸಾಗಿಸಬಲ್ಲಷ್ಟು ನೀರು ಮಾತ್ರ ಮೇಲಕ್ಕೆ ತಲುಪುತ್ತಿತ್ತು. ರಕ್ತನಿಧಿಯಲ್ಲಿ ಎಷ್ಟೇ ದಾಸ್ತಾನಿದ್ದರೂ ರೋಗಿಯ ದೇಹದಿಂದ ರಕ್ತ ಹರಿದುಹೋಗುವ ವೇಗದಲ್ಲಿ ಅದನ್ನು ತುಂಬಲಾಗದಿದ್ದರೆ ಪ್ರಯೋಜನವಿಲ್ಲವೆಂಬುದನ್ನು ವೈದ್ಯರು ಬಲ್ಲರು.

ಹಾಗಾದರೆ ಕುಡಿಯುವ ನೀರಿನ ತೊಟ್ಟಿಗಳನ್ನೇ ಇನ್ನಷ್ಟು ದೊಡ್ಡದಾಗಿ ಕಟ್ಟಬಾರದೇಕೆ? ಬಹುಕಾಲ ನಿಂತ ನೀರಿನಲ್ಲಿ ಕ್ಲೋರಿನ್ ಕ್ಷೀಣಿಸಿ ಸೂಕ್ಷ್ಮಾಣುಗಳು ಬೆಳೆಯಬಲ್ಲವು. ಇನ್ನೊಂದು ಅಪಾಯವೂ ಉಂಟು. ಬೆಂಕಿಯ ವೇಳೆ ಒತ್ತಡ ಕುಸಿದಾಗ ಹೊಗೆ ಮತ್ತು ವಿಷವಸ್ತುಗಳು ಕೊಳವೆಗಳೊಳಗೆ ಸೇರುತ್ತವೆ. 2017ರಲ್ಲಿ ಸಾಂತಾ ರೋಸಾದಲ್ಲಿಯೂ 2018ರಲ್ಲಿ ಪ್ಯಾರಡೈಸ್‌ನಲ್ಲಿಯೂ ಕಾಡ್ಗಿಚ್ಚಿನ ಬಳಿಕ ನಲ್ಲಿ ನೀರಿನಲ್ಲಿ ಬೆಂಜೀನ್ ಕಂಡುಬಂದಿತು. ಅದು ರಕ್ತದ ಕ್ಯಾನ್ಸರನ್ನು ಉಂಟುಮಾಡಬಲ್ಲ ರಾಸಾಯನಿಕ.

ಈ ಎರಡು ನೀರುಗಳನ್ನು ಬೇರ್ಪಡಿಸಿದ ಹಳೆಯ ಉದಾಹರಣೆ ಸ್ಯಾನ್ ಫ್ರಾನ್ಸಿಸ್ಕೋ. 1906ರ ಭೂಕಂಪದಲ್ಲಿ ಕೊಳವೆಗಳು ಒಡೆದು ನಗರ ಸುಟ್ಟ ಬಳಿಕ, ಅಗ್ನಿಶಮನಕ್ಕೆಂದೇ ಪ್ರತ್ಯೇಕ ವ್ಯವಸ್ಥೆ ನಿರ್ಮಾಣವಾಯಿತು. ಅದರ ಟ್ವಿನ್ ಪೀಕ್ಸ್ ಜಲಾಶಯ 1.05 ಕೋಟಿ ಗ್ಯಾಲನ್ ನೀರನ್ನು ಬೆಟ್ಟದ ಮೇಲೆ ಹಿಡಿದಿಟ್ಟುಕೊಳ್ಳಬಲ್ಲದು. ಪ್ರತಿ 10 ಮೀಟರ್ ಎತ್ತರಕ್ಕೆ ಸುಮಾರು ಒಂದು ವಾತಾವರಣದಷ್ಟು ಒತ್ತಡ ದೊರೆಯುವುದರಿಂದ ಅಲ್ಲಿಂದ ನೀರಿಳಿಯಲು ಪಂಪು ಬೇಕಿಲ್ಲ. ಇದು ಮುಖ್ಯವಾದ ಅನುಕೂಲ. ಏಕೆಂದರೆ ಬಿರುಗಾಳಿಯ ದಿನಗಳಲ್ಲಿ ತಂತಿಗಳಿಂದ ಕಿಡಿ ಹಾರದಿರಲೆಂದು ವಿದ್ಯುತ್ತನ್ನೇ ನಿಲ್ಲಿಸುವುದುಂಟು.

ಇಡೀ ಊರಿಗೆ ಎರಡನೆಯ ಕೊಳವೆಜಾಲ ಹಾಕುವುದು ಬಹು ದುಬಾರಿ. ಕ್ಯಾಲಿಫೋರ್ನಿಯದ ಯೋರ್ಬಾ ಲಿಂಡಾ ಸಣ್ಣ ಉಪಾಯವನ್ನು ಕಂಡುಕೊಂಡಿತು. 2008ರ ಕಾಡ್ಗಿಚ್ಚಿನಲ್ಲಿ ಅಲ್ಲಿನ ಬೆಟ್ಟದ ಬಡಾವಣೆಯೊಂದರ ಹೈಡ್ರಂಟ್‌ಗಳು ಬತ್ತಿದ್ದವು. ಮುಂದೆ ಅಲ್ಲಿ ಹೆಲಿಕಾಪ್ಟರುಗಳು ನೀರು ಹೀರಿಕೊಳ್ಳಲೆಂದೇ, ಬೇಗನೆ ಮತ್ತೆ ತುಂಬಿಕೊಳ್ಳುವ ತೆರೆದ ತೊಟ್ಟಿಯನ್ನು ಸ್ಥಾಪಿಸಿದರು. 2019ರಲ್ಲಿ ನಮ್ಮ ಬಂಡೀಪುರ ಉರಿದಾಗ ವಾಯುಪಡೆಯ ಹೆಲಿಕಾಪ್ಟರುಗಳು ಬಕೆಟ್‌ನಲ್ಲಿ ನೀರು ಹೊತ್ತು ಸುರಿದುದನ್ನು ನೆನೆದರೆ, ಹತ್ತಿರದಲ್ಲಿ ತೆರೆದ ನೀರಿರುವುದರ ಬೆಲೆ ತಿಳಿಯುತ್ತದೆ. ಆದರೆ ಗಾಳಿ ಅತಿಯಾದರೆ ಹೆಲಿಕಾಪ್ಟರುಗಳು ಹಾರಲಾರವು; ಪ್ಯಾಲಿಸೇಡ್ಸ್‌ನ ಮೊದಲ ರಾತ್ರಿ ಹಾಗೆಯೇ ಆಯಿತು.

ಬೆಟ್ಟದಂಚಿನ ಬಡಾವಣೆಗಳಲ್ಲಿ ನೆಲೆಸಿರುವ ಓದುಗರು ತಮ್ಮ ಊರಿನ ಸಭೆಗಳಲ್ಲಿ ನಾಲ್ಕು ಪ್ರಶ್ನೆಗಳನ್ನು ಕೇಳಬಹುದು: ಬೆಂಕಿಗೆಂದೇ ಮೀಸಲಿಟ್ಟ ನೀರೆಷ್ಟು? ವಿದ್ಯುತ್ತಿಲ್ಲದೆ ಅದು ನಮ್ಮ ಬೀದಿಗೆ ಇಳಿಯುವುದೇ? ಅಗ್ನಿಶಮನದ ವಾಹನ ಅದರ ಬಳಿಗೆ ಹೋಗಬಲ್ಲದೇ? ದುರಸ್ತಿಗಾಗಿ ಬರಿದುಮಾಡಿದರೆ ಅದರ ಬದಲಿಗೆ ಏನಿದೆ? ಕೊನೆಯ ಪ್ರಶ್ನೆಯನ್ನು ಕಾಡು ಒಣಗುವ ಮುನ್ನವೇ ಕೇಳಬೇಕು.