ಹನ್ನೆರಡು ಬೀದಿಯ ಬಸದಿ

ಒಂದು ಗುಡಿಯನ್ನು ಕಟ್ಟಿ ಕಲಶವಿಟ್ಟ ಮೇಲೆ ಅದು ಸೂರ್ಯಚಂದ್ರರಿರುವವರೆಗೆ ಗುಡಿಯಾಗಿಯೇ ಉಳಿಯುವುದೆಂದು ಜನರು ನಂಬುವುದು ಸಹಜ. ಆದರೆ ಕಲ್ಲು ಉಳಿದರೂ ಪೂಜೆ ಉಳಿಯದೆ ಹೋದ ಉದಾಹರಣೆಗಳು ಬಹಳ ಇವೆ. ಅಂಥದೊಂದು ಕೇರಳದ ವಯನಾಡು ಜಿಲ್ಲೆಯ ಸುಲ್ತಾನ್ ಬತ್ತೇರಿ ಪೇಟೆಯಲ್ಲೇ ಇದೆ. ಅದೇ ಅಲ್ಲಿಯ ಪುರಾತನ ಜೈನ ಬಸದಿ. ದಾರಿಯಲ್ಲಿ ಹೋಗುವವರು ಬಸ್ಸಿನಿಂದಲೇ ನೋಡಿ ಮುಂದೆ ಸಾಗುವ ಈ ಕಲ್ಲಿನ ಕಟ್ಟಡದ ಹಿಂದೆ ದೊಡ್ಡ ಚರಿತ್ರೆಯೇ ಅಡಗಿದೆ.

ಈ ಊರಿಗೆ ಮೂರು ಹೆಸರು. ಜೈನರು ನೆಲೆಸಿದ್ದ ಕಾಲದಲ್ಲಿ ಇದು ‘ಹನ್ನೆರಡು ಬೀದಿ’. ಜೈನರ ಹನ್ನೆರಡು ಬೀದಿಗಳು ಇಲ್ಲಿದ್ದುದರಿಂದ ಆ ಹೆಸರು ಬಂದಿತೆಂದು ಹಿರಿಯರು ಹೇಳುತ್ತಾರೆ. ಅಚ್ಚ ಕನ್ನಡದ ಈ ಹೆಸರೇ ಆ ಜನರು ಯಾವ ಕಡೆಯಿಂದ ಬಂದವರೆಂಬುದಕ್ಕೆ ಸಾಕ್ಷಿ. ಊರಿನಲ್ಲಿರುವ ಮಹಾಗಣಪತಿಯ ದೇವಸ್ಥಾನದಿಂದ ಬಂದ ಇನ್ನೊಂದು ಹೆಸರು ‘ಗಣಪತಿವಟ್ಟಂ’. ಮೂರನೆಯ ಹೆಸರು ಈ ಬಸದಿಯಿಂದಲೇ ಹುಟ್ಟಿದ್ದು. ಅದರ ವಿಷಯ ಮುಂದೆ ಬರುತ್ತದೆ.

ಬಸದಿಯು 13-14ನೆಯ ಶತಮಾನದ ಸುಮಾರಿಗೆ ಕಟ್ಟಲ್ಪಟ್ಟಿತೆಂದು ಬಲ್ಲವರ ಅಭಿಪ್ರಾಯ. ಇದನ್ನು ಕಿಡಂಗನಾಡು ಬಸ್ತಿ ಎಂದೂ ಕರೆಯುತ್ತಾರೆ. ಗೋಡೆ, ಕಂಬ, ಛಾವಣಿ ಎಲ್ಲವೂ ಕಗ್ಗಲ್ಲಿನದು. ಗರ್ಭಗುಡಿ, ಅಂತರಾಳ, ಅದರ ಮುಂದೆ ಮಹಾಮಂಟಪ, ಎದುರಿಗೆ ತೆರೆದ ಮುಖಮಂಟಪ, ಹೀಗೆ ಅದರ ವಿನ್ಯಾಸ. ಕೆಲಸದ ರೀತಿಯಲ್ಲಿ ವಿಜಯನಗರದ ಛಾಯೆ ಕಾಣುತ್ತದೆ. ಕುಳಿತ ತೀರ್ಥಂಕರರ ಕೆತ್ತನೆಗಳು ಇದು ಯಾರ ಆಲಯವೆಂಬುದನ್ನು ಇಂದಿಗೂ ಸಾರುತ್ತವೆ. ಆದರೆ ಗರ್ಭಗುಡಿ ಮಾತ್ರ ಬರಿದು.

ಮೊದಲು ಇಲ್ಲಿ ಪೂಜೆ ನಡೆಯಿತು. ಆಮೇಲೆ ಇದು ವ್ಯಾಪಾರದ ಕೇಂದ್ರವಾಯಿತೆಂದು ಪುರಾತತ್ವ ಇಲಾಖೆಯೇ ತಿಳಿಸುತ್ತದೆ. ಇದರಲ್ಲಿ ಆಶ್ಚರ್ಯವಿಲ್ಲ. ಮೈಸೂರು ಸೀಮೆಯಿಂದ ಗುಂಡ್ಲುಪೇಟೆಯ ಮೇಲೆ ಕಾಡು ದಾಟಿ ಬಂದವರಿಗೆ ಎದುರಾಗುವ ಮುಖ್ಯ ಪೇಟೆ ಇದು. ಇಲ್ಲಿಂದ ಕಲ್ಪೆಟ್ಟ ಹಾದು ಘಟ್ಟವಿಳಿದರೆ ಕೋಳಿಕೋಡಿನ ಕಡಲು. ವಯನಾಡಿನ ಕರಿಮೆಣಸಿಗೆ ಹಿಂದಿನಿಂದಲೂ ಬೆಲೆ ಇತ್ತು. ದಾರಿ ಕೂಡುವಲ್ಲಿ ಪೇಟೆ, ಪೇಟೆಯಲ್ಲಿ ಜೈನ ವರ್ತಕರು, ವರ್ತಕರ ನಡುವೆ ಬಸದಿ. ಧರ್ಮವೂ ವ್ಯಾಪಾರವೂ ಒಂದೇ ಬೀದಿಯಲ್ಲಿ ಬಾಳುವುದು ನಮ್ಮ ನಾಡಿಗೆ ಹೊಸದಲ್ಲ. ಆದರೆ ದೀಪ ಹಚ್ಚುವವರು ಕಡಿಮೆಯಾದಾಗ ಸಂತೆ ನಿಲ್ಲುತ್ತದೆಯೇ? ಇಲ್ಲ. ದೀಪ ನಿಲ್ಲುತ್ತದೆ, ಸಂತೆ ಮುಂದುವರಿಯುತ್ತದೆ.

ಮೂರನೆಯ ಉಪಯೋಗ ಯುದ್ಧದ್ದು. 1766ರಲ್ಲಿ ಹೈದರಾಲಿಯು ಮಲಬಾರಿಗೆ ದಂಡೆತ್ತಿ ಹೋದನು. ಅವನ ನಂತರ 1782ರಲ್ಲಿ ಪಟ್ಟಕ್ಕೆ ಬಂದ ಟಿಪ್ಪು ಸುಲ್ತಾನನ ಸೈನ್ಯವು ಈ ಬಸದಿಯನ್ನು ಮದ್ದುಗುಂಡಿನ ಉಗ್ರಾಣ ಮಾಡಿಕೊಂಡಿತು. ವಯನಾಡಿನ ಮಳೆ ಎಂಥದೆಂದು ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಹುಲ್ಲಿನ ಮಾಡಿನ ಕೆಳಗೆ ಮದ್ದು ಒಣಗಿರಲಾರದು. ಕಲ್ಲಿನ ಗೋಡೆ, ಕಲ್ಲಿನ ಛಾವಣಿ ಇರುವ ಕಟ್ಟಡ ಮಳೆಗೂ ಜಗ್ಗದು, ಬೆಂಕಿಗೂ ಜಗ್ಗದು. ದೇವರಿಗಾಗಿ ಭದ್ರವಾಗಿ ಕಟ್ಟಿದ್ದು ಫಿರಂಗಿಗೂ ಒದಗಿತು. ಆಂಗ್ಲರು ಇದನ್ನು ‘ಸುಲ್ತಾನ್ಸ್ ಬ್ಯಾಟರಿ’ ಎಂದು ಬರೆದರು. ಅದೇ ಜನರ ಬಾಯಲ್ಲಿ ಸುಲ್ತಾನ್ ಬತ್ತೇರಿಯಾಯಿತು. ಮಂಗಳೂರಿನ ಬೋಳೂರಿನಲ್ಲಿ ನದಿಯ ದಡಕ್ಕಿರುವ ಇದೇ ಹೆಸರಿನ ಬುರುಜು ಬೇರೆ.

ಇದನ್ನು ಹೇಳುವುದು ಯಾರ ಮೇಲೂ ಹಗೆ ಬೆಳೆಸಲಿಕ್ಕಲ್ಲ. 1791ರಲ್ಲಿ ಮರಾಠರ ದಂಡು ಶೃಂಗೇರಿ ಮಠವನ್ನು ಲೂಟಿ ಮಾಡಿದಾಗ ಅದರ ಜೀರ್ಣೋದ್ಧಾರಕ್ಕೆ ನೆರವಿತ್ತವನೂ ಇದೇ ಟಿಪ್ಪು ಸುಲ್ತಾನನೇ. ಯುದ್ಧಕಾಲದಲ್ಲಿ ಸೈನ್ಯದ ಕಣ್ಣಿಗೆ ಗಟ್ಟಿ ಗೋಡೆ ಮಾತ್ರ ಕಾಣುತ್ತದೆ, ಒಳಗಿನ ದೇವರು ಕಾಣುವುದಿಲ್ಲ.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದಿತು. ವಯನಾಡಿನ ಕಾಡುಗಳಲ್ಲಿ ಆಂಗ್ಲರನ್ನು ಎದುರಿಸಿದ ಪಳಶಿರಾಜನು 1805ರಲ್ಲಿ ಮಡಿದನು. ಬಸದಿಯಲ್ಲಿ ಈಗ ದೇವರಿಲ್ಲ, ವರ್ತಕರಿಲ್ಲ, ಮದ್ದುಗುಂಡೂ ಇಲ್ಲ. ಭಾರತೀಯ ಪುರಾತತ್ವ ಇಲಾಖೆಯು ರಾಷ್ಟ್ರೀಯ ಸ್ಮಾರಕವೆಂದು ಇದನ್ನು ಕಾಪಾಡುತ್ತಿದೆ. ಪ್ರವಾಸಿಗಳು ಬರುತ್ತಾರೆ, ಕಂಬಕ್ಕೆ ಒರಗಿ ಫೋಟೋ ತೆಗೆಸಿಕೊಳ್ಳುತ್ತಾರೆ, ಹೋಗುತ್ತಾರೆ. ಇದು ಬಸದಿಯ ನಾಲ್ಕನೆಯ ಉಪಯೋಗ. ಪನಮರಂ ಕಡೆಯ ಜನಾರ್ದನ ಗುಡಿ, ವಿಷ್ಣು ಗುಡಿ ಎಂಬ ಪಾಳುಗುಡಿಗಳೂ ಇಂಥ ರಕ್ಷಣೆಯಲ್ಲೇ ಇವೆ. ಅವುಗಳ ಹೆಸರಿನಲ್ಲಿರುವ ‘ಗುಡಿ’ ಎಂಬ ಮಾತನ್ನು ಕನ್ನಡಿಗರು ಗಮನಿಸಬೇಕು.

ಹಾಗೆಂದು ವಯನಾಡಿನಲ್ಲಿ ಜಿನಧರ್ಮ ನಂದಿಹೋಯಿತೆಂದು ತಿಳಿಯಬಾರದು. ಗೌಡರೆಂದು ಕರೆಯಲ್ಪಡುವ ಜೈನ ಮನೆತನಗಳು ಇಂದಿಗೂ ಇವೆ. ಕಲ್ಪೆಟ್ಟದ ಹತ್ತಿರ ಪುಳಿಯಾರ್‌ಮಲೆಯ ಅನಂತನಾಥ ಸ್ವಾಮಿಯ ಬಸದಿಯಲ್ಲಿ ಪೂಜೆ ನಡೆದುಬರುತ್ತಿದೆ. ಮಾತೃಭೂಮಿ ಪತ್ರಿಕೆಯನ್ನು ನಡೆಸಿದ ಎಂ.ಪಿ. ವೀರೇಂದ್ರಕುಮಾರ್ (1936–2020) ಇದೇ ಸಮಾಜದವರು. ಮಲಯಾಳದಲ್ಲಿ ದೊಡ್ಡ ಸಾಹಿತಿಯೆನಿಸಿದ ಅವರ ತಾಯಿಯ ಹೆಸರು ಮರುದೇವಿ ಅವ್ವ. ಭಾಷೆ ಬದಲಾದರೂ ‘ಅವ್ವ’ ಎಂಬ ಕರೆ ಉಳಿದಿತ್ತು.

ಎರಡು ಬಸದಿಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ವಿಷಯ ಸ್ಪಷ್ಟವಾಗುತ್ತದೆ. ಬತ್ತೇರಿಯ ಬಸದಿಗೆ ಗಟ್ಟಿ ಕಲ್ಲಿದೆ, ಸರಕಾರದ ಕಾವಲಿದೆ, ಆದರೆ ಸಂಜೆಗೆ ದೀಪವಿಲ್ಲ. ಪುಳಿಯಾರ್‌ಮಲೆಯಲ್ಲಿ ದೀಪವಿದೆ, ಏಕೆಂದರೆ ಎಣ್ಣೆ ತರುವ ಮನೆಗಳಿವೆ. ಕಲ್ಲನ್ನು ಇಲಾಖೆ ಕಾಯಬಹುದು, ದೀಪವನ್ನು ಭಕ್ತರೇ ಕಾಯಬೇಕು. ಗಡಿಯಾಚೆ ನೆಲೆಸಿ, ಹಿರಿಯರು ಸ್ಥಾಪಿಸಿದ ದೇವರ ಉತ್ಸವವನ್ನು ವರ್ಷವರ್ಷವೂ ನಡೆಸುವ ಸದ್ಭಕ್ತರು ಈ ಮಾತನ್ನು ಮನಸ್ಸಿನಲ್ಲಿಟ್ಟು, ತಮ್ಮ ಮಕ್ಕಳ ಕೈ ಹಿಡಿದು ಗುಡಿಗೆ ಕರೆತಂದರೆ, ಹನ್ನೆರಡು ಬೀದಿಯ ಆ ಬರಿದಾದ ಗರ್ಭಗುಡಿಯೂ ಒಂದು ಪಾಠ ಕಲಿಸಿದಂತಾಗುತ್ತದೆ.