ಹರ್ಪಿಸ್: ಸರ್ಪದ ದಾಯಾದಿ

ಜ್ವರ ಬಂದು ಹೋಗುವ ಹೊತ್ತಿಗೆ ತುಟಿಯಂಚು ಚುರುಗುಟ್ಟಿ, ಮರುದಿನ ಅಲ್ಲೊಂದು ಗುಂಪು ನೀರುಗುಳ್ಳೆ ಏಳುತ್ತದೆ. ನಮ್ಮಲ್ಲಿ ಅದು ಜ್ವರದ ಗುಳ್ಳೆ. ಜ್ವರವಿಲ್ಲದೆ ಎದ್ದರೆ ‘ಉಷ್ಣ ಆಗಿದೆ, ಮಜ್ಜಿಗೆ ಕುಡಿ’ ಅನ್ನುತ್ತಾರೆ. ಇಂಗ್ಲಿಷರು ನೆಗಡಿಯ ಲೆಕ್ಕಕ್ಕೆ ಬರೆದು ‘ಕೋಲ್ಡ್ ಸೋರ್’ ಅಂದರು. ವೈದ್ಯರ ಬಾಯಲ್ಲಿ ಮಾತ್ರ ಅದು ಹರ್ಪಿಸ್. ಕೇಳಲು ಪರಕೀಯವಾದರೂ ಈ ಪದ ನಮಗೆ ಗೊತ್ತಿರುವ ಮನೆತನದ್ದೇ.

ಗ್ರೀಕಿನ ‘ಹೆರ್ಪೆಯ್ನ್’ ಎಂದರೆ ತೆವಳು. ಸಂಸ್ಕೃತದ ‘ಸೃಪ್’ ಧಾತುವಿಗೂ ಅದೇ ಅರ್ಥ. ಸರ್ಪ ಹುಟ್ಟಿದ್ದು ಅದರಿಂದ. ಎರಡಕ್ಕೂ ಬೇರು ಒಂದೇ. ಸಂಸ್ಕೃತದಲ್ಲಿ ಪದದ ಮೊದಲಿಗಿರುವ ಸಕಾರ ಗ್ರೀಕಿನಲ್ಲಿ ಸಾಮಾನ್ಯವಾಗಿ ಹಕಾರವಾಗಿರುತ್ತದೆ: ಇಲ್ಲಿ ಸಪ್ತ, ಅಲ್ಲಿ ಹೆಪ್ಟ. ಲ್ಯಾಟಿನ್ ಸಕಾರವನ್ನು ಉಳಿಸಿಕೊಂಡಿದ್ದರಿಂದ ಇಂಗ್ಲಿಷಿಗೆ ಸರ್ಪೆಂಟ್ ಸಿಕ್ಕಿತು. ಹಾಗೆಂದು ‘ಹಾವು ಹರಿಯಿತು’ ಎನ್ನುವಾಗಿನ ಹರಿಯನ್ನೂ ಈ ಬಳಗಕ್ಕೆ ಸೇರಿಸಬೇಡಿ. ಅದು ಹಳಗನ್ನಡದ ‘ಪರಿ’. ಪಾವು ಹಾವಾದಂತೆ ಪರಿ ಹರಿಯಾಯಿತು. ಸದ್ದು ಹೋಲಿದರೆ ನಂಟಾಗುವುದಿಲ್ಲ.

ಹಿಪೊಕ್ರಟೀಸನ ಪರಂಪರೆಯ ವೈದ್ಯರಿಗೆ ಹರ್ಪಿಸ್ ಒಂದೇ ರೋಗದ ಹೆಸರಾಗಿರಲಿಲ್ಲ. ಚರ್ಮದ ಮೇಲೆ ಹಬ್ಬುತ್ತ ಹೋಗುವ ಹುಣ್ಣುಗಳಿಗೆಲ್ಲ ಅದೇ ಹೆಸರು. ಆಯುರ್ವೇದವೂ ಹಬ್ಬುವ ಚರ್ಮರೋಗವನ್ನು ಅದೇ ಬೇರಿನಿಂದ ‘ವಿಸರ್ಪ’ ಎಂದು ಕರೆಯಿತು. ಚರಕಸಂಹಿತೆಯಲ್ಲಿ ಅದಕ್ಕೊಂದು ಅಧ್ಯಾಯವೇ ಇದೆ. ಕ್ರಿ.ಶ. 100ರ ಆಸುಪಾಸಿನ ರೋಮಿನ ವೈದ್ಯ ಹೆರೊಡೊಟಸ್ (ಇತಿಹಾಸಕಾರನಲ್ಲ, ಬೇರೆಯವನು) ಜ್ವರದ ಜೊತೆ ಬಾಯಿಯ ಸುತ್ತ ಏಳುವ ಗುಳ್ಳೆಗಳನ್ನು ಗುರುತಿಸಿದ. ಚಕ್ರವರ್ತಿ ಟೈಬೀರಿಯಸ್ ಈ ಗುಳ್ಳೆಗೆ ಹೆದರಿಯೇ ಮುತ್ತಿಡುವುದನ್ನು ನಿಷೇಧಿಸಿದ ಎಂಬ ಕಥೆ ಬಹಳ ಓಡಾಡುತ್ತದೆ. ರೋಮಿನ ಚರಿತ್ರೆಕಾರ ಸ್ಯುಟೋನಿಯಸ್ ನಿಷೇಧದ ಬಗ್ಗೆ ಬರೆದಿದ್ದಾನೆ ನಿಜ, ಆದರೆ ಅಲ್ಲಿ ಗುಳ್ಳೆಯ ಮಾತೇ ಇಲ್ಲ. 19ನೆಯ ಶತಮಾನದ ಆರಂಭದಲ್ಲಿ ಲಂಡನ್ನಿನ ರಾಬರ್ಟ್ ವಿಲನ್, ಥಾಮಸ್ ಬೇಟ್‌ಮನ್ ಎಂಬ ವೈದ್ಯರು ಗುಂಪುಗುಂಪಾಗಿ ಏಳುವ ನೀರುಗುಳ್ಳೆಗಳಿಗಷ್ಟೇ ಈ ಹೆಸರನ್ನು ಬಿಗಿಮಾಡಿದರು. ಹೆಸರಿನೊಳಗಿನ ಹಾವು ಆಗಲೇ ಅರ್ಥ ಕಳೆದುಕೊಂಡಂತೆ ಕಂಡಿತು. ತುಟಿಯ ಗುಳ್ಳೆ ಎಲ್ಲಿಗೂ ತೆವಳುವುದಿಲ್ಲ. ಹೆಚ್ಚಾಗಿ ಎದ್ದ ಜಾಗದಲ್ಲೇ ಮತ್ತೆ ಏಳುತ್ತದೆ.

ತೆವಳುವುದು ಒಳಗೆ. ಹರ್ಪಿಸ್ ಸಿಂಪ್ಲೆಕ್ಸ್ ವೈರಸ್ಸಿನ ಮೊದಲ ಬಗೆ ಸಾಮಾನ್ಯವಾಗಿ ಬಾಲ್ಯದಲ್ಲೇ ಎಂಜಲಿನಿಂದ, ಮುದ್ದಿನಿಂದ ಅಂಟುತ್ತದೆ. ಆಮೇಲೆ ನರದ ಎಳೆಯೊಳಗೇ ಸಾಗಿ, ಕಿವಿಯ ಮುಂದೆ ತಲೆಬುರುಡೆಯೊಳಗಿರುವ ಟ್ರೈಜೆಮಿನಲ್ ನರಗಂಟಿನಲ್ಲಿ ಅಡಗಿ ಕೂರುತ್ತದೆ. ಜೀವಮಾನವಿಡೀ ಅಲ್ಲೇ ವಾಸ. ಜ್ವರ, ಸುಡುಬಿಸಿಲು, ಮುಟ್ಟಿನ ದಿನಗಳು, ನಿದ್ದೆಗೇಡು, ಮನಸ್ಸಿನ ಒತ್ತಡ, ಹಲ್ಲಿನ ಚಿಕಿತ್ಸೆಯಲ್ಲಿ ತುಟಿಗಾದ ಗಾಯ, ರೋಗನಿರೋಧಕ ಶಕ್ತಿ ಕುಗ್ಗಿಸುವ ಔಷಧ ಇವುಗಳಲ್ಲೊಂದು ಕೆಣಕಿದರೆ ಬಂದ ದಾರಿಯಲ್ಲೇ ತುಟಿಗೆ ಮರಳುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 50 ವರ್ಷದೊಳಗಿನ ಸುಮಾರು 380 ಕೋಟಿ ಜನರಲ್ಲಿ ಇದಿದೆ. ಬಹಳಷ್ಟು ಮಂದಿಗೆ ಗುಳ್ಳೆ ಏಳುವುದೇ ಇಲ್ಲ. ಎದೆ, ಬೆನ್ನಿಗೆ ಬಳಸುವ ನಮ್ಮ ‘ಸರ್ಪಸುತ್ತು’ ಇದೇ ಕುಲದ ಇನ್ನೊಂದು ವೈರಸ್ಸಿನ ಕೆಲಸ. ಸೀತಾಳೆ ಸಿಡುಬು ವಾಸಿಯಾದ ಮೇಲೆ ಅದೂ ನರದಲ್ಲೇ ಉಳಿಯುತ್ತದೆ. ಸರ್ಪಸುತ್ತು ಮೈಯನ್ನು ಪೂರ್ತಿ ಬಳಸಿ ಅದರ ಹೆಡೆಯೂ ಬಾಲವೂ ಕೂಡಿದರೆ ಸಾವು ಎಂಬ ನಂಬಿಕೆ ಮಾತ್ರ ಸುಳ್ಳು.

ಜ್ವರದ ಗುಳ್ಳೆ, ಉಷ್ಣ, ಕೋಲ್ಡ್ ಸೋರ್ ಇವೆಲ್ಲ ಕೆಣಕಿದ್ದನ್ನೇ ಕಾರಣವೆಂದು ಹಿಡಿದ ಹೆಸರುಗಳು. ವೈರಸ್ಸನ್ನೇ ಕಾಣದವರು ಇಟ್ಟ ಗ್ರೀಕ್ ಹೆಸರೇ ಅದರ ನಡೆಗೆ ಹೆಚ್ಚು ಹೊಂದಿತು ಎಂದು ನನ್ನ ಎಣಿಕೆ. ಚುರುಗುಟ್ಟಲು ತೊಡಗಿದಾಗಲೇ ವೈರಸ್ ತಡೆಯುವ ಅಸೈಕ್ಲೋವಿರ್ ಔಷಧಕ್ಕಾಗಿ ವೈದ್ಯರನ್ನು ಕೇಳಿ. ಗುಳ್ಳೆ ಮುಟ್ಟಿದ ಕೈಯಿಂದ ಕಣ್ಣುಜ್ಜಬೇಡಿ. ಗುಳ್ಳೆ ಒಣಗಿ ವಾಸಿಯಾಗುವವರೆಗೆ ಹಸುಗೂಸಿಗೆ ಮುತ್ತು ಕೊಡಬೇಡಿ. ದೊಡ್ಡವರಿಗೆ ಬರೀ ಕಿರಿಕಿರಿಯಾಗುವ ಇದು ನವಜಾತ ಶಿಶುವಿನ ಪ್ರಾಣಕ್ಕೇ ಬರಬಹುದು.