ನಿರ್ದೋಷಿಯ ರಾಜೀನಾಮೆ

1973ರ ನವೆಂಬರ್ ಒಂದರಂದು ನಮ್ಮ ಮೈಸೂರು ರಾಜ್ಯಕ್ಕೆ ಕರ್ನಾಟಕವೆಂದು ಹೆಸರಾದಾಗ ನಾನು ಒಂಬತ್ತನೆಯ ತರಗತಿಯ ವಿದ್ಯಾರ್ಥಿ. ಶಾಲೆಯಲ್ಲಿ ಸಿಹಿ ಹಂಚಿದ್ದರು, ಹಾಡು ಹೇಳಿಸಿದ್ದರು. ಆದರೆ ಆ ದಿನಗಳ ಬಗ್ಗೆ ಅದಕ್ಕಿಂತ ಗಾಢವಾಗಿ ನನ್ನ ನೆನಪಿನಲ್ಲಿ ಉಳಿದಿರುವುದು ಸೀಮೆಎಣ್ಣೆಯ ಸರದಿ. ಸೊಸೈಟಿಯ ಮುಂದೆ ಡಬ್ಬ ಹಿಡಿದು ಗಂಟೆಗಟ್ಟಲೆ ನಿಂತು, ಕೊನೆಗೆ ಬರಿಗೈಯಲ್ಲಿ ಮರಳಿದ ಸಂಜೆಗಳೂ ಉಂಟು. ಕಾರಣ ಕೇಳಿದರೆ ತಂದೆಯವರು, "ಎಲ್ಲೋ ಅರಬರಿಗೂ ಯೆಹೂದ್ಯರಿಗೂ ಯುದ್ಧವಂತೆ, ಅದಕ್ಕೇ ಇಲ್ಲಿ ದೀಪ ಆರಿದೆ" ಎಂದಿದ್ದರು. ಅರಬ್ ರಾಷ್ಟ್ರಗಳು ತೈಲದ ಉತ್ಪಾದನೆಯನ್ನು ತಗ್ಗಿಸಿ, ಮರುವರ್ಷದ ಜನವರಿಯ ವೇಳೆಗೆ ಕಚ್ಚಾತೈಲದ ಬೆಲೆ ಸುಮಾರು ನಾಲ್ಕು ಪಟ್ಟು ಏರಿತ್ತೆಂಬ ಲೆಕ್ಕವೆಲ್ಲ ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ.

ಆ ಯುದ್ಧದ ಕಥೆಯನ್ನು ಮತ್ತೆ ಕೆದಕುವಂತೆ ಮಾಡಿದವನು ನನ್ನ ಒಬ್ಬ ವಿದ್ಯಾರ್ಥಿ. 1956ರಲ್ಲಿ ಅರಿಯಲೂರಿನ ರೈಲು ಅಪಘಾತದ ಹೊಣೆ ಹೊತ್ತು ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಮಂತ್ರಿಪದವಿಯನ್ನು ತ್ಯಜಿಸಿದ ಪ್ರಸಂಗವನ್ನು ತರಗತಿಯಲ್ಲಿ ಹೇಳುತ್ತಿದ್ದೆ. ಹಿಂದಿನ ಬೆಂಚಿನಿಂದ ಹುಡುಗನೊಬ್ಬ ಎದ್ದು, "ಸಾರ್, ಅವರೇನು ರೈಲು ಓಡಿಸುತ್ತಿದ್ದರೆ? ತಪ್ಪಿಲ್ಲದವರು ರಾಜೀನಾಮೆ ಯಾಕೆ ಕೊಡಬೇಕು?" ಎಂದು ಕೇಳಿದ. "ಅದು ನೈತಿಕ ಹೊಣೆ, ಕುಳಿತುಕೋ" ಎಂದೆ. ಅವನು ಕುಳಿತ. ಆದರೆ ಅದು ಉತ್ತರವಾಗಿರಲಿಲ್ಲವೆಂದು ನನಗೇ ಗೊತ್ತಿತ್ತು. ನಿವೃತ್ತಿಯ ಬಿಡುವಿನಲ್ಲಿ ಓದುತ್ತಾ ಹೋದಂತೆ, ಅವನ ಪ್ರಶ್ನೆಗೆ ಹೆಚ್ಚು ಸಮೀಪದ ಉದಾಹರಣೆ ಸಿಕ್ಕಿದ್ದು ನಮ್ಮ ಮನೆಯ ದೀಪ ಆರಿಸಿದ ಆ ಯುದ್ಧದಲ್ಲಿಯೇ.

ಇಸ್ರೇಲಿನ ಅಂದಿನ ಪ್ರಧಾನಿ ಗೋಲ್ಡಾ ಮೆಯಿರ್. 1898ರಲ್ಲಿ ಕೀವ್ ನಗರದಲ್ಲಿ ಹುಟ್ಟಿ, ಅಮೆರಿಕದ ಮಿಲ್ವಾಕಿಯಲ್ಲಿ ಬೆಳೆದು, ಅಲ್ಲಿಯೇ ಶಿಕ್ಷಕರ ತರಬೇತಿ ಪಡೆದು, 1921ರಲ್ಲಿ ಪ್ಯಾಲೆಸ್ತೀನಿಗೆ ಹೋಗಿ ನೆಲೆಸಿದಾಕೆ. 1948ರ ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕಿದವರಲ್ಲಿ ಒಬ್ಬರು. 1969ರಲ್ಲಿ ಪ್ರಧಾನಿಯಾದಾಗ ವಯಸ್ಸು ಎಪ್ಪತ್ತು ದಾಟಿತ್ತು. ದೇಶಕ್ಕೆ ಆಕೆ ಅಜ್ಜಿಯಂತಿದ್ದರು. ಪಕ್ಕದಲ್ಲಿ ಒಂದು ಕಣ್ಣಿಗೆ ಕರಿಪಟ್ಟಿ ಕಟ್ಟಿದ ರಕ್ಷಣಾ ಸಚಿವ ಮೋಶೆ ದಯಾನ್, 1967ರ ಆರು ದಿನಗಳ ಯುದ್ಧದ ವೀರನೆಂದು ಲೋಕವೇ ಕೊಂಡಾಡಿದ ವ್ಯಕ್ತಿ.

ಆ ಗೆಲುವೇ ಮುಂದಿನ ಅನರ್ಥಕ್ಕೆ ಬೀಜವಾಯಿತು. ದೂರಗಾಮಿ ವಿಮಾನ, ಕ್ಷಿಪಣಿಗಳು ಕೈಗೆ ಬರುವವರೆಗೆ ಈಜಿಪ್ಟ್ ಯುದ್ಧಕ್ಕೆ ಬರಲಾರದು, ಈಜಿಪ್ಟಿನ ಜೊತೆಯಿಲ್ಲದೆ ಸಿರಿಯಾ ಬರಲಾರದು ಎಂಬುದು ಇಸ್ರೇಲಿನ ಸೈನಿಕ ಗುಪ್ತಚರ ವಿಭಾಗದ ಸಿದ್ಧಾಂತವಾಗಿತ್ತು. ಸಿದ್ಧಾಂತವೊಂದು ಗಟ್ಟಿಯಾದ ಮೇಲೆ ಕಣ್ಣೆದುರಿನ ಸಾಕ್ಷ್ಯವೂ ಕಾಣುವುದಿಲ್ಲ. ಗಡಿಯಲ್ಲಿ ಸೈನ್ಯಗಳು ಜಮಾಯಿಸಿದರೆ ಅದು ವಾರ್ಷಿಕ ಕವಾಯತು ಎಂದರು. ಸೆಪ್ಟೆಂಬರ್ 25ರಂದು ಜೋರ್ಡಾನಿನ ದೊರೆ ಹುಸೇನ್ ಗುಟ್ಟಾಗಿ ಬಂದು ಸ್ವತಃ ಗೋಲ್ಡಾ ಅವರಿಗೆ ಎಚ್ಚರಿಕೆ ಕೊಟ್ಟರೂ ಅದು ಅಧಿಕಾರಿಗಳ ವಿಶ್ಲೇಷಣೆಯಲ್ಲಿ ಕರಗಿಹೋಯಿತು.

ಅಕ್ಟೋಬರ್ 6 ಯೆಹೂದ್ಯರ ಯೋಮ್ ಕಿಪ್ಪುರ್, ಉಪವಾಸ ಮತ್ತು ಪ್ರಾಯಶ್ಚಿತ್ತದ ದಿನ. ಅಂದೇ ಯುದ್ಧ ಆರಂಭವಾಗುವುದೆಂಬ ಖಚಿತ ಸುದ್ದಿ ಬೆಳಗಿನ ಜಾವ ಲಂಡನ್ನಿನಿಂದ ಬಂತು. ಮುಂಜಾನೆಯ ಸಭೆಯಲ್ಲಿ ಸೇನಾ ಮುಖ್ಯಸ್ಥ ಡೇವಿಡ್ ಎಲಾಜಾರ್ ಮೀಸಲು ಪಡೆಯನ್ನೆಲ್ಲ ಕರೆಯಬೇಕು, ನಾವೇ ಮೊದಲು ವಿಮಾನದಾಳಿ ಮಾಡಬೇಕು ಎಂದರು. ದಯಾನ್ ಅಷ್ಟೊಂದು ಬೇಡವೆಂದರು. ಇಬ್ಬರು ಸೈನಿಕರ ನಡುವೆ, ಸೈನ್ಯದ ಅನುಭವವೇ ಇಲ್ಲದ ಮುದುಕಿ ತೀರ್ಪು ಕೊಡಬೇಕಾಯಿತು. ಮೀಸಲು ಪಡೆಯ ವಿಷಯದಲ್ಲಿ ಎಲಾಜಾರ್ ಪಕ್ಷ ವಹಿಸಿ ಒಂದು ಲಕ್ಷಕ್ಕೂ ಮೀರಿ ಜನರನ್ನು ಕರೆಯಲು ಒಪ್ಪಿದರು. ಮೊದಲ ದಾಳಿಯನ್ನು ಮಾತ್ರ ನಿರಾಕರಿಸಿದರು. ಯುದ್ಧ ಆರಂಭಿಸಿದವರು ನಾವೆಂದಾದರೆ ನಾಳೆ ಅಮೆರಿಕ ನೆರವಿಗೆ ಬಾರದು ಎಂಬುದು ಅವರ ಲೆಕ್ಕ.

ಮಧ್ಯಾಹ್ನ ಎರಡು ಗಂಟೆಗೆ ಎರಡೂ ಗಡಿಗಳಲ್ಲಿ ಬೆಂಕಿ ಬಿತ್ತು. ಸೂಯೆಜ್ ಕಾಲುವೆಯ ದಡದಲ್ಲಿ ಇಸ್ರೇಲ್ ಕಟ್ಟಿದ್ದ ಬಾರ್-ಲೆವ್ ರೇಖೆಯ ಮರಳಿನ ಏರಿಯನ್ನು ಈಜಿಪ್ಟಿನ ಸೈನಿಕರು ಫಿರಂಗಿಯಿಂದಲ್ಲ, ಪಂಪುಗಳಿಂದ ರಭಸವಾಗಿ ನೀರು ಚಿಮ್ಮಿಸಿ ಕೊರೆದುಹಾಕಿದರು. ಅಲ್ಲಿನ ಕಾವಲು ಕೋಟೆಗಳಲ್ಲಿ ಇದ್ದವರು ಸುಮಾರು 450 ಮಂದಿ. ಎದುರಿಗೆ ಐದು ಡಿವಿಷನ್ನುಗಳ ಸೈನ್ಯ. ಮುಂದೆ ಯುದ್ಧದ ಗತಿ ತಿರುಗಿತು. ಕದನ ನಿಲ್ಲುವ ಹೊತ್ತಿಗೆ ಇಸ್ರೇಲಿ ಪಡೆ ಕಾಲುವೆ ದಾಟಿ ಕೈರೋದಿಂದ ಸುಮಾರು 100 ಕಿಲೋಮೀಟರ್ ದೂರದಲ್ಲಿತ್ತು. ಲೆಕ್ಕದಲ್ಲಿ ಅದು ಗೆಲುವೇ. ಆದರೆ ಮೂರು ವಾರವೂ ತುಂಬದ ಯುದ್ಧದಲ್ಲಿ 2,600ಕ್ಕೂ ಹೆಚ್ಚು ಇಸ್ರೇಲಿ ಸೈನಿಕರು ಸತ್ತಿದ್ದರು. ಮೂವತ್ತಮೂರು ಲಕ್ಷದಷ್ಟು ಜನರಿದ್ದ ದೇಶವದು. ಸಾವಿನ ಸುದ್ದಿ ಮುಟ್ಟದ ಬೀದಿಯೇ ಇರಲಿಲ್ಲವೆನ್ನಬೇಕು.

ಇಲ್ಲಿ ಓದುಗರು ಒಂದು ಸಂಗತಿಯನ್ನು ಗಮನಿಸಬೇಕು. ಜನರ ಸಿಟ್ಟು ಕೂಡಲೇ ಬೀದಿಗೆ ಬರಲಿಲ್ಲ. ಅಕ್ಟೋಬರ್ 30ಕ್ಕೆ ನಿಗದಿಯಾಗಿದ್ದ ಚುನಾವಣೆ ಮುಂದೂಡಲ್ಪಟ್ಟು ಡಿಸೆಂಬರ್ 31ರಂದು ನಡೆದಾಗ ಗೋಲ್ಡಾ ಅವರ ಪಕ್ಷಕೂಟ 56 ಸ್ಥಾನಗಳಿಂದ 51ಕ್ಕೆ ಇಳಿಯಿತಾದರೂ, 120 ಸದಸ್ಯರ ಸಂಸತ್ತಿನಲ್ಲಿ ಅದೇ ಅತಿದೊಡ್ಡ ಪಕ್ಷವಾಗಿ ಉಳಿಯಿತು. ಎದುರಾಳಿ ಲಿಕುಡ್ ಕೂಟಕ್ಕೆ ದೊರೆತದ್ದು 39. ಪ್ರಧಾನಿ ಬಚಾವಾದರೆಂದೇ ಎಲ್ಲರೂ ತಿಳಿದಿದ್ದರು. ಆದರೆ ಇಸ್ರೇಲಿನ ಸೈನ್ಯದ ಬಹುಭಾಗ ಮೀಸಲು ಪಡೆ. ಮೇಷ್ಟರು, ಅಂಗಡಿಯವರು, ರೈತರು, ವಿದ್ಯಾರ್ಥಿಗಳು ಕರೆ ಬಂದಾಗ ಬಂದೂಕು ಹಿಡಿಯುವರು, ಮುಗಿದಾಗ ಮನೆಗೆ ಮರಳುವರು. ಕದನ ನಿಂತರೂ ಇವರಲ್ಲಿ ಅನೇಕರು ತಿಂಗಳುಗಟ್ಟಲೆ ಗಡಿಯಲ್ಲಿಯೇ ಉಳಿಯಬೇಕಾಯಿತು. ಚಳಿಗಾಲದಲ್ಲಿ ಅವರು ಸಮವಸ್ತ್ರ ಕಳಚಿ ಮನೆಗೆ ಬಂದಾಗ, ಸತ್ತ ಗೆಳೆಯರ ಲೆಕ್ಕವನ್ನೂ ಜೊತೆಗೆ ತಂದರು.

ಹಾಗೆ ಬಂದವರಲ್ಲಿ ಒಬ್ಬ ಮೋಟಿ ಅಶ್ಕೆನಾಜಿ, ಮೀಸಲು ಪಡೆಯ ಕ್ಯಾಪ್ಟನ್. ಕಾಲುವೆಯ ಉತ್ತರದ ತುದಿಯಲ್ಲಿದ್ದ 'ಬುಡಾಪೆಸ್ಟ್' ಎಂಬ ಕೋಟೆಯ ನಾಯಕ. ಆ ಇಡೀ ರೇಖೆಯಲ್ಲಿ ಶತ್ರುವಿನ ಕೈಗೆ ಬೀಳದೆ ಉಳಿದ ಕೋಟೆ ಅದೊಂದೇ. ಸೋತವನು ದೂರಿದರೆ ನೆಪವೆನ್ನಬಹುದು. ಇವನು ಸೋಲದವನು. 1974ರ ಫೆಬ್ರವರಿಯ ಆರಂಭದಲ್ಲಿ ಜೆರುಸಲೇಮಿನ ಪ್ರಧಾನಿ ಕಚೇರಿಯ ಎದುರು ಒಂದು ಫಲಕ ಹಿಡಿದು ಒಬ್ಬನೇ ಧರಣಿ ಕುಳಿತ. ಫಲಕದ ಮಾತು ಪ್ರಧಾನಿಯನ್ನು 'ಅಜ್ಜಿ' ಎಂದೇ ಕರೆದು, ಸತ್ತ ಮೊಮ್ಮಕ್ಕಳ ಲೆಕ್ಕ ಹೇಳುತ್ತಿತ್ತು. ಬೇಡಿಕೆ ಒಂದೇ: ರಕ್ಷಣಾ ಸಚಿವ ದಯಾನ್ ಹೊಣೆ ಹೊತ್ತು ಕೆಳಗಿಳಿಯಬೇಕು.

ಪಕ್ಷವಿಲ್ಲ, ಸಂಘಟನೆಯಿಲ್ಲ, ಭಾಷಣವಿಲ್ಲ. ಜೆರುಸಲೇಮಿನ ಫೆಬ್ರವರಿ ಮೈ ಕೊರೆಯುವ ಚಳಿಯ ಕಾಲ. ದಾರಿಹೋಕರು ನಿಂತು ಮಾತನಾಡಿಸಿದರು. ಪತ್ರಿಕೆಗಳು ಬರೆದವು. ಯುದ್ಧದಿಂದ ಮರಳಿದ ಇತರರು ಪಕ್ಕದಲ್ಲಿ ಬಂದು ಕುಳಿತರು, ಮಕ್ಕಳನ್ನು ಕಳೆದುಕೊಂಡ ತಂದೆತಾಯಿಯರು ಬಂದರು. ಕೆಲವೇ ವಾರಗಳಲ್ಲಿ ಒಬ್ಬನ ಧರಣಿ ಸಾವಿರಾರು ಜನರ ಮೆರವಣಿಗೆಯಾಯಿತು. ಯುದ್ಧವೀರನನ್ನು ದೇಶದ್ರೋಹಿ ಎನ್ನಲು ಸರಕಾರಕ್ಕೆ ಬಾಯಿ ಬರುವಂತಿರಲಿಲ್ಲ. ಅವನ ಬಲ ಇದ್ದದ್ದೇ ಅಲ್ಲಿ.

ಗೋಲ್ಡಾ ಆದರೋ ಮಿತ್ರಪಕ್ಷಗಳೊಡನೆ ಹೆಣಗಾಡುತ್ತಿದ್ದರು. ಮಾರ್ಚ್ ಆರಂಭದಲ್ಲಿ ತನ್ನಿಂದಾಗದೆಂದು ಕೈಚೆಲ್ಲಿ, ಪಕ್ಷದವರ ಒತ್ತಾಯಕ್ಕೆ ಮಣಿದು ಮತ್ತೆ ಒಪ್ಪಿ, 10ನೆಯ ತಾರೀಖಿನಂದು ಹೊಸ ಸಂಪುಟ ರಚಿಸಿದರು. ದಯಾನ್ ಅದರಲ್ಲಿಯೂ ರಕ್ಷಣಾ ಸಚಿವರೇ.

ಸುಪ್ರೀಂ ಕೋರ್ಟಿನ ಮುಖ್ಯಸ್ಥ ಶಿಮೋನ್ ಅಗ್ರಾನಾತ್ ಅವರ ನೇತೃತ್ವದಲ್ಲಿ ನವೆಂಬರಿನಲ್ಲಿಯೇ ತನಿಖಾ ಆಯೋಗವೊಂದು ನೇಮಕವಾಗಿತ್ತು. ಅದರ ಮಧ್ಯಂತರ ವರದಿ ಏಪ್ರಿಲ್ ಆರಂಭದಲ್ಲಿ ಹೊರಬಿತ್ತು. ಸೇನಾ ಮುಖ್ಯಸ್ಥ ಎಲಾಜಾರ್, ಗುಪ್ತಚರ ಮುಖ್ಯಸ್ಥ ಏಲಿ ಝೈರಾ, ದಕ್ಷಿಣ ವಲಯದ ದಂಡನಾಯಕ ಶ್ಮುಯೆಲ್ ಗೊನೆನ್ ಇವರೆಲ್ಲ ಹೊಣೆಗಾರರೆಂದು ಅದು ಹೇಳಿತು. ಪ್ರಧಾನಿ ಮಾತ್ರ ಆ ಮುಂಜಾನೆ ಸರಿಯಾಗಿಯೇ ನಡೆದುಕೊಂಡರೆಂದಿತು. ತಜ್ಞರ ಸಲಹೆಯನ್ನು ನಂಬಿದ ರಕ್ಷಣಾ ಸಚಿವರ ಮೇಲೂ ವೈಯಕ್ತಿಕ ತಪ್ಪು ಹೊರಿಸಲಿಲ್ಲ. ಸಚಿವರು ಸಂಸತ್ತಿಗೆ ಹೊರಬೇಕಾದ ರಾಜಕೀಯ ಹೊಣೆಯನ್ನು ತೂಗುವುದು ತನ್ನ ಕೆಲಸವಲ್ಲವೆಂದು ಆಯೋಗ ಕೈತೊಳೆದುಕೊಂಡಿತು.

ಕಾನೂನಿನ ಕಣ್ಣಿನಿಂದ ನೋಡಿದರೆ ವರದಿ ಗೋಲ್ಡಾ ಅವರನ್ನು ಉಳಿಸಬೇಕಾಗಿತ್ತು. ಆದದ್ದು ಅದರ ತದ್ವಿರುದ್ಧ. ಸಲಹೆ ಕೊಟ್ಟವರು ತಪ್ಪಿತಸ್ಥರು, ಸಲಹೆ ಕೇಳಿ ಆಳಿದವರು ನಿರಪರಾಧಿಗಳು ಎಂಬ ನ್ಯಾಯ ಜನರ ಗಂಟಲಲ್ಲಿ ಇಳಿಯಲಿಲ್ಲ. ಮೀಸಲು ಪಡೆಯನ್ನು ಪೂರ್ತಿ ಕರೆಯಿರಿ ಎಂದ ಎಲಾಜಾರ್ ಮನೆಗೆ, ಬೇಡವೆಂದ ದಯಾನ್ ಕುರ್ಚಿಯಲ್ಲಿ! ಎಲಾಜಾರ್ ಕೂಡಲೇ ರಾಜೀನಾಮೆ ಕೊಟ್ಟರು. ಎರಡು ವರ್ಷಗಳ ಮೇಲೆ, 1976ರಲ್ಲಿ, ಐವತ್ತರ ವಯಸ್ಸಿನಲ್ಲಿ ಹೃದಯಾಘಾತದಿಂದ ತೀರಿಕೊಂಡರು.

ಬೀದಿಯ ಕೂಗು ಈಗ ಪಕ್ಷದ ಒಳಮನೆಯನ್ನು ಹೊಕ್ಕಿತು. ಬೀದಿಯೊಂದೇ ಪ್ರಧಾನಿಯನ್ನು ಇಳಿಸಿತೆಂದರೆ ಅದು ಅರ್ಧಸತ್ಯವಾದೀತು. ಬೀದಿ ಕೇಳಿದ ಪ್ರಶ್ನೆಗೆ ಸ್ವಪಕ್ಷದವರ ಬಳಿಯೇ ಉತ್ತರವಿಲ್ಲದಾಯಿತು ಎನ್ನುವುದು ಹೆಚ್ಚು ಸರಿ. ಏಪ್ರಿಲ್ 10ರಂದು ಗೋಲ್ಡಾ ತಮ್ಮ ಪಕ್ಷದ ಮುಂದೆ ರಾಜೀನಾಮೆಯ ನಿರ್ಧಾರವನ್ನು ತಿಳಿಸಿದರು. ಸರಕಾರ ರಚಿಸಿ ಆಗಿನ್ನೂ ಒಂದು ತಿಂಗಳು. ಸಿರಿಯಾದೊಡನೆ ಸೇನೆ ಹಿಂತೆಗೆತದ ಒಪ್ಪಂದ ಮೇ 31ರಂದು ಆಗುವವರೆಗೂ ಕರ್ತವ್ಯ ನಿಭಾಯಿಸಿ, ಜೂನ್ 3ರಂದು ಯಿತ್ಜಾಕ್ ರಾಬಿನ್ ಅವರಿಗೆ ಅಧಿಕಾರ ಬಿಟ್ಟುಕೊಟ್ಟರು. ರಾಬಿನ್ ಯುದ್ಧಕಾಲದ ಸಂಪುಟದಲ್ಲಿ ಇರದಿದ್ದವರು. ಅದೇ ಅವರ ಅರ್ಹತೆಯೂ ಆಯಿತು. ಹೊಸ ಸಂಪುಟದಲ್ಲಿ ದಯಾನ್ ಇರಲಿಲ್ಲ.

ನಮ್ಮಲ್ಲಿಯೂ 1962 ಉಂಟಲ್ಲ. ಚೀನಾದ ಎದುರಿನ ಸೋಲಿನ ಬಿಸಿಯಲ್ಲಿ ರಕ್ಷಣಾ ಸಚಿವ ಕೃಷ್ಣ ಮೆನನ್ ಹೋಗಲೇಬೇಕಾಯಿತು. ನಮ್ಮ ಕೊಡಗಿನ ಜನರಲ್ ತಿಮ್ಮಯ್ಯನವರು ಇದೇ ಸಚಿವರೊಡನೆ ಭಿನ್ನಾಭಿಪ್ರಾಯವಾಗಿ 1959ರಲ್ಲಿಯೇ ರಾಜೀನಾಮೆ ಕೊಟ್ಟು, ನೆಹರೂ ಅವರ ಮಾತಿಗೆ ಹಿಂತೆಗೆದುಕೊಂಡಿದ್ದರೆಂಬುದನ್ನು ಕನ್ನಡಿಗರು ಮರೆಯಬಾರದು. ನೆಹರೂ ಉಳಿದರು. 1963ರ ಆಗಸ್ಟಿನಲ್ಲಿ ಕೃಪಲಾನಿಯವರು ತಂದ ಅವಿಶ್ವಾಸ ನಿರ್ಣಯ ಲೋಕಸಭೆಯಲ್ಲಿ ಭಾರಿ ಅಂತರದಿಂದ ಬಿದ್ದುಹೋಯಿತು. ಆ ಸೋಲಿನ ಕುರಿತು ಹೆಂಡರ್ಸನ್ ಬ್ರೂಕ್ಸ್ ಮತ್ತು ಭಗತ್ ಬರೆದ ವರದಿಯನ್ನು ಸರಕಾರ ಗುಟ್ಟಾಗಿಯೇ ಇಟ್ಟುಕೊಂಡಿತು. 2014ರಲ್ಲಿ ಅದರ ಒಂದು ಭಾಗ ಹೊರಬಂದದ್ದು ಒಬ್ಬ ವಿದೇಶಿ ಪತ್ರಕರ್ತನಿಂದ. ಯಾರನ್ನೂ ಹಳಿಯಲು ಇದನ್ನು ಹೇಳುತ್ತಿಲ್ಲ. ಆದರೆ ವರದಿಯೇ ಕೈಗೆ ಸಿಗದ ಜನ ಪ್ರಶ್ನೆಯನ್ನಾದರೂ ಹೇಗೆ ಕೇಳಿಯಾರು?

ಗೋಲ್ಡಾ 1975ರಲ್ಲಿ ಪ್ರಕಟಿಸಿದ ಆತ್ಮಕಥೆಯಲ್ಲಿ, ಅಧಿಕಾರಿಗಳ ಭರವಸೆಯನ್ನು ಬಿಟ್ಟು ತನ್ನ ಮನಸ್ಸಿನ ಅಳುಕನ್ನು ನಂಬಿ ಮೊದಲೇ ಮೀಸಲು ಪಡೆಯನ್ನು ಕರೆಯಬೇಕಾಗಿತ್ತೆಂದು ಬರೆದುಕೊಂಡಿದ್ದಾರೆ. ಆಯೋಗ ಬಿಡುಗಡೆ ಮಾಡಿದರೂ ಆಕೆ ತನ್ನನ್ನು ತಾನು ಬಿಡುಗಡೆ ಮಾಡಿಕೊಳ್ಳಲಿಲ್ಲ. 1977ರಲ್ಲಿ ಆಕೆಯ ಪಕ್ಷ ಮೊದಲ ಬಾರಿಗೆ ಅಧಿಕಾರ ಕಳೆದುಕೊಂಡಿತು. ವರ್ಷಾನುಗಟ್ಟಲೆ ಗುಟ್ಟಾಗಿ ಇಟ್ಟುಕೊಂಡಿದ್ದ ರಕ್ತದ ಕಾಯಿಲೆಯಿಂದ 1978ರ ಡಿಸೆಂಬರಿನಲ್ಲಿ ತೀರಿಕೊಂಡರು.

ಆ ಯುದ್ಧಕ್ಕೆ ಐವತ್ತು ವರ್ಷ ತುಂಬಿದ ಮರುದಿನವೇ, 2023ರ ಅಕ್ಟೋಬರ್ 7ರಂದು, ಅದೇ ದೇಶದ ಮೇಲೆ ಮತ್ತೊಮ್ಮೆ ಅನಿರೀಕ್ಷಿತ ದಾಳಿ ನಡೆಯಿತು. ಅನಂತರ ಗಾಜಾದಲ್ಲಿ ನಡೆದ ಯುದ್ಧದ ಸಾವುನೋವು ಎಲ್ಲರೂ ಬಲ್ಲದ್ದು. ಒತ್ತೆಯಾಳುಗಳ ಮನೆಯವರು ವಾರವಾರವೂ ಬೀದಿಗಿಳಿದರು. ಈ ಬಾರಿ ಪ್ರಧಾನಿ ಬೇರೆ ದಾರಿ ಹಿಡಿದರು. ಅದು ಇನ್ನೂ ಪಾಠವಾಗದ ಸುದ್ದಿ. ಹಳೆಯ ಮೇಷ್ಟರು ಅದರ ಮೇಲೆ ತೀರ್ಪು ಬರೆಯುವುದು ತರವಲ್ಲ.

ಹಿಂದಿನ ಬೆಂಚಿನ ಆ ಹುಡುಗ ಈಗ ಎಲ್ಲಿದ್ದಾನೋ ತಿಳಿಯದು. ಎಲ್ಲಿಯಾದರೂ ಸಿಕ್ಕರೆ ಹೀಗೆ ಹೇಳಬೇಕೆಂದಿದ್ದೇನೆ: ಅಪ್ಪಾ, ತಪ್ಪು ಮಾಡಿದವನಿಗೆ ಕೊಡುವುದು ಶಿಕ್ಷೆ. ರಾಜೀನಾಮೆ ಶಿಕ್ಷೆಯಲ್ಲ. ನನ್ನ ಹೆಸರಿನಲ್ಲಿ ನಡೆದದ್ದು ನನ್ನದೇ ಎಂದು ಒಪ್ಪಿಕೊಳ್ಳುವ ಸಹಿ ಅದು. ಶಾಸ್ತ್ರಿಯವರು ಅದನ್ನು ಯಾರೂ ಕೇಳದಿದ್ದರೂ ಹಾಕಿದರು. ಗೋಲ್ಡಾ ಚಳಿಯಲ್ಲಿ ಒಬ್ಬ ಬಂದು ಕುಳಿತ ಮೇಲೆ ಹಾಕಿದರು. ಅಂದು ನಿನ್ನನ್ನು ಗದರಿಸಿ ಕೂರಿಸಿದ್ದು ನನ್ನ ತಪ್ಪು.